ಕೊಲ್ಲಿ ನೋಡಿ ಬಂದವಳು

ಕರಕಿಹಾಳ ಗ್ರಾಮ ಪಂಚಾಯಿತಿಗೆ ಗೊಲ್ಲಾಳಮ್ಮ ಅಧ್ಯಕ್ಷೆಯಾದದ್ದು ತನ್ನ ಆಸೆಯಿಂದಲ್ಲ. ಆ ಸಲ ಮೀಸಲಾತಿಯಲ್ಲಿ ಹೆಂಗಸರ ಸರದಿ ಬಂದಿತ್ತು. ಕುರಿ ಸಾಕುವ ಮನೆಯವಳು, ಹೆಚ್ಚು ಮಾತಿನವಳಲ್ಲ, ತೋರಿಸಿದಲ್ಲಿ ಸಹಿ ಹಾಕಿ ಎದ್ದು ಹೋಗುತ್ತಾಳೆ ಎಂದು ಅಂದಾಜು ಮಾಡಿ ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿದವನು ಊರಿನ ಗೊಬ್ಬರದಂಗಡಿಯ ಶಾಂತಕುಮಾರ. ಯಾರು ಗೆದ್ದರೂ ಪಂಚಾಯಿತಿಯಲ್ಲಿ ನಡೆಯುವುದು ಅವನ ಮಾತು. ಅವನ ಅಂದಾಜು ತಪ್ಪಿರಲೂ ಇಲ್ಲ. ಗೊಲ್ಲಾಳಮ್ಮ ಸಭೆಗೆ ಬರುತ್ತಿದ್ದಳು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕೂರುತ್ತಿದ್ದಳು, ಚಹಾ ಬಂದರೆ ಕುಡಿಯುತ್ತಿದ್ದಳು, ಮನೆಯಲ್ಲಿ ಕಟ್ಟಿದ ಮರಿಗಳಿಗೆ ಸೊಪ್ಪು ಹಾಕುವ ಹೊತ್ತಾಯಿತೆಂದು ಎದ್ದು ಬರುತ್ತಿದ್ದಳು.

ಕರಕಿಹಾಳ ಇರುವುದು ಶಹಾಪುರ ತಾಲೂಕಿನ ಅಂಚಿನಲ್ಲಿ, ಭೀಮಾ ನದಿಯ ದಂಡೆಯಿಂದ ತುಸು ಒಳಗೆ. ಊರಿನ ಮೇಲುಗಡೆ ಕಲ್ಲುಮರಡಿಯ ದಿಬ್ಬ. ಮರಡಿಯಿಂದ ಇಳಿದು ಬರುವ ಒಂದು ಹಳ್ಳ ಊರನ್ನು ಬಳಸಿಕೊಂಡು ಹೋಗಿ ಭೀಮೆಯನ್ನು ಸೇರುತ್ತದೆ. ಮಳೆಗಾಲದಲ್ಲಷ್ಟೇ ಹರಿಯುವ ಆ ಹಳ್ಳದ ಎರಡೂ ಬದಿಗೆ ಊರಿನ ಕುರಿಗಳು ಮೇಯುತ್ತಿದ್ದವು. ಅದೇ ಮರಡಿಯನ್ನು ಕೇಳಿಕೊಂಡು ಬಣ್ಣದ ಕಂಪನಿ ಬಂತು.

ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಕಂಪನಿ ಅದು. ಕರಾವಳಿಯಲ್ಲಿ ತೆಂಕಕೇರಿ ಎಂಬಲ್ಲಿ, ಸಮುದ್ರದ ಕೊಲ್ಲಿಯ ದಂಡೆಗೆ, ಅವರ ಕಾರ್ಖಾನೆ ಬಹಳ ವರ್ಷಗಳಿಂದ ಇತ್ತು. ಈಗ ಅದರ ಒಂದು ಭಾಗವನ್ನು ಇಲ್ಲಿಗೆ ತರುವ ಯೋಚನೆ ಅವರದು. ಮ್ಯಾನೇಜರ್ ಪಂಚಾಯಿತಿ ಕಟ್ಟಡದ ಗೋಡೆಗೆ ಬಿಳಿ ಪರದೆ ಕಟ್ಟಿಸಿ ಚಿತ್ರಗಳನ್ನು ತೋರಿಸಿದ. ನೀಲಿ ಸಮುದ್ರ, ತೆಂಗಿನ ಸಾಲು, ಕಾರ್ಖಾನೆಯ ಮುಂದೆ ಕಾರಂಜಿ. ಓದಿದ ಮಕ್ಕಳಿಗೆ ಕೆಲಸ ಕೊಡುತ್ತೇವೆ ಎಂದ. ಸದಸ್ಯರೆಲ್ಲ ತಲೆಯಾಡಿಸಿದರು. ಪಂಚಾಯಿತಿಯ ಒಪ್ಪಿಗೆ ಬೇಕೆಂದು ಶಾಂತಕುಮಾರ ಕಾಗದವನ್ನು ಗೊಲ್ಲಾಳಮ್ಮನ ಮುಂದೆ ಸರಿಸಿದಾಗ, ಅದುವರೆಗೂ ಸಭೆಯಲ್ಲಿ ಬಾಯಿ ಬಿಡದ ಅವಳು, ಆ ಚಿತ್ರದಲ್ಲಿರುವ ಜಾಗವನ್ನು ಒಮ್ಮೆ ಕಣ್ಣಾರೆ ನೋಡಬೇಕಲ್ಲ ಎಂದಳು. ಅವಳಿಗೆ ಅದರಲ್ಲಿ ಅನುಮಾನದ ಮಾತೇನೂ ಇರಲಿಲ್ಲ. ಟಗರು ಕೊಳ್ಳುವವರು ಬಾಯಿ ತೆರೆಸಿ ಹಲ್ಲು ನೋಡುತ್ತಾರೆ, ಫೋಟೋ ನೋಡಿ ಯಾರೂ ಕೊಳ್ಳುವುದಿಲ್ಲ, ಅಷ್ಟೇ. ಸದಸ್ಯರು ನಕ್ಕರು. ಆದರೆ ಮ್ಯಾನೇಜರ್ ನಗಲಿಲ್ಲ. ಧಾರಾಳವಾಗಿ ಬನ್ನಿ, ಬಸ್ಸು ಕಳಿಸುತ್ತೇವೆ ಎಂದ. ಪುಕ್ಕಟೆ ಸಮುದ್ರ ನೋಡಲು ಸಿಗುತ್ತದೆಂದಾಗ ನಗುತ್ತಿದ್ದವರೆಲ್ಲ ಅವಳ ಕಡೆಗೇ ಆದರು.

ಗೊಲ್ಲಾಳಮ್ಮನಿಗೂ ಆ ಕಾರ್ಖಾನೆ ಬರಲಿ ಎಂಬ ಆಸೆ ಒಳಗೊಳಗೇ ಇತ್ತು. ಅವಳ ಒಬ್ಬಳೇ ಮಗಳು ಸೌಭಾಗ್ಯ ಯಾದಗಿರಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಬಿಎಸ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದಳು. ಅವರ ಮನೆತನದಲ್ಲಿ ಅಷ್ಟು ಓದಿದವರು ಯಾರೂ ಇರಲಿಲ್ಲ. ಶಹಾಪುರದ ಒಂದು ಸಣ್ಣ ಶಾಲೆಯಲ್ಲಿ ಒಂದಿಷ್ಟು ದಿನ ಪಾಠ ಹೇಳಿ, ಅಲ್ಲಿ ಸರಿಬರದೆ ಬಿಟ್ಟು ಬಂದಿದ್ದಳು. ಸಂಬಂಧಿಕರು ಬಂದಾಗಲೆಲ್ಲ ಇಷ್ಟು ಓದಿಸಿ ಏನು ಮಾಡಿದಿರಿ ಎಂದು ಕೇಳುವುದು, ಮಗಳು ಎದ್ದು ಒಳಗೆ ಹೋಗುವುದು, ಗಂಡ ರೇವಣಸಿದ್ದ ಕಂಬಳಿ ಹೆಗಲಿಗೇರಿಸಿ ಕುರಿಯ ಹಿಂದೆ ಹೊರಟುಬಿಡುವುದು. ಇದು ನಡೆದೇ ಇತ್ತು. ಕಾರ್ಖಾನೆಯಲ್ಲಿ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯ ಇರುತ್ತದೆ, ರಸಾಯನಶಾಸ್ತ್ರ ಓದಿದವರು ಬೇಕಾಗುತ್ತಾರೆ ಎಂದು ಮ್ಯಾನೇಜರ್ ಹೇಳಿದ್ದನ್ನು ಅವಳು ಮನೆಗೆ ಬಂದು ಮಗಳಿಗೆ ಹೇಳಿದ್ದಳು. ಆ ರಾತ್ರಿ ಸೌಭಾಗ್ಯ ಬಹಳ ದಿನಗಳ ಮೇಲೆ ತಾಯಿಯ ತಲೆ ಬಾಚಿ ಹೆಣೆದಳು.

ತೆಂಕಕೇರಿಯಲ್ಲಿ ಅವರನ್ನು ಹಾರ ಹಾಕಿ ಇಳಿಸಿಕೊಂಡರು. ಕಾರ್ಖಾನೆಯ ಅಂಗಳ ಗುಡಿಯ ಅಂಗಳದಂತೆ ತೊಳೆದಿಟ್ಟಿತ್ತು. ತಮ್ಮಲ್ಲಿ ಶುದ್ಧ ಮಾಡಿದ ನೀರು ಎಂದು ಒಂದು ತೊಟ್ಟಿ ತೋರಿಸಿದರು. ಅದರಲ್ಲಿ ಬಂಗಾರದ ಬಣ್ಣದ ಮೀನುಗಳು ಈಜುತ್ತಿದ್ದವು. ಮ್ಯಾನೇಜರ್ ಒಂದು ಗ್ಲಾಸು ನೀರನ್ನು ಎಲ್ಲರೆದುರು ಕುಡಿದು ತೋರಿಸಿದ. ಉಪಾಧ್ಯಕ್ಷ ಭೀಮರಾಯ ಚಪ್ಪಾಳೆ ತಟ್ಟಿದ. ಗೊಲ್ಲಾಳಮ್ಮನಿಗೆ ಮೂಗಿನ ತುದಿಯಲ್ಲಿ ಒಂಥರಾ ಘಾಟು ಬಡಿಯುತ್ತಲೇ ಇತ್ತು, ಹೊಸ ಚಪ್ಪಲಿಯನ್ನು ಸುಟ್ಟ ಹಾಗೆ. ಆದರೆ ಸಮುದ್ರದ ಊರಿನ ಗಾಳಿ ಹೀಗೇ ಇರಬಹುದು ಎಂದು ಸುಮ್ಮನಾದಳು. ಅವಳು ಹುಟ್ಟಿದಾಗಿನಿಂದ ಸಮುದ್ರವನ್ನು ಕಂಡವಳಲ್ಲ. ಸಂಜೆ ಬಸ್ಸು ಅವರನ್ನು ಸಮುದ್ರ ತೋರಿಸಲು ಕರೆದುಕೊಂಡು ಹೋಯಿತು. ಕಾರ್ಖಾನೆಯ ಹಿಂದೆಯೇ ನೀರು ಮಿಂಚುವುದು ಕಾಣುತ್ತಿದ್ದರೂ ಬಸ್ಸು ಅಲ್ಲಿ ನಿಲ್ಲದೆ, ಗುಡ್ಡ ದಾಟಿ ಬಹಳ ದೂರದ ಇನ್ನೊಂದು ದಂಡೆಗೆ ಹೋಗಿ ನಿಂತಿತು. ಅಲ್ಲಿ ಗಂಡಸರು ಪಂಚೆ ಎತ್ತಿ ಕಟ್ಟಿ ಅಲೆಗಳಲ್ಲಿ ಕುಣಿದರು. ಹಿಂದಿನ ನೀರು ಬಿಟ್ಟು ಇಷ್ಟು ದೂರ ಯಾಕೆ ಬಂದೆವು ಎಂದು ಅವಳು ಕೇಳಿದ್ದಕ್ಕೆ ಬಸ್ಸಿನವನು ಅಲ್ಲಿ ದಾರಿ ಸರಿ ಇಲ್ಲ ಎಂದ.

ಮರುದಿನ ಬೆಳಗಿನ ಜಾವ, ಉಳಿದವರು ಲಾಡ್ಜಿನಲ್ಲಿ ಮಲಗಿದ್ದಾಗಲೇ ಅವಳು ಎದ್ದು ಹೊರಬಂದಳು. ಹೊತ್ತು ಹುಟ್ಟುವ ಮುಂಚೆ ಏಳುವುದು ಅವಳಿಗೆ ಅಭ್ಯಾಸ. ಬೀದಿಯ ಮೂಲೆಯಲ್ಲಿ ಒಂದು ಲಾರಿಯಿಂದ ಮಂಜುಗಡ್ಡೆಯ ಪೆಟ್ಟಿಗೆಗಳನ್ನು ಇಳಿಸುತ್ತಿದ್ದರು. ಅವಳದೇ ವಯಸ್ಸಿನ ಹೆಂಗಸೊಬ್ಬಳು ಪೆಟ್ಟಿಗೆಯಿಂದ ಮೀನನ್ನು ಬುಟ್ಟಿಗೆ ತುಂಬಿಕೊಳ್ಳುತ್ತಿದ್ದಳು. ಹೆಸರು ಸೀತು. ಸಮುದ್ರದ ದಂಡೆಯ ಊರಿಗೆ ಮೀನು ಲಾರಿಯಲ್ಲಿ ಯಾಕೆ ಬರುತ್ತದೆ ಎಂದು ಗೊಲ್ಲಾಳಮ್ಮ ಕೇಳಿದಳು. ಸೀತು ತಲೆಯೆತ್ತಿ, ಹಣೆಯ ತುಂಬ ಭಂಡಾರದ ಅರಿಶಿನ, ಅಗಲ ಅಂಚಿನ ಸೀರೆ, ಕಾಲಿಗೆ ದಪ್ಪ ಬೆಳ್ಳಿ ಕಡಗ ಹಾಕಿದ ಈ ಹೆಂಗಸನ್ನು ನೋಡಿ, ನೀವು ಎಲ್ಲಿಯವರು, ಇಲ್ಲಿಗೆ ಯಾಕೆ ಬಂದದ್ದು ಎಂದು ವಿಚಾರಿಸಿದಳು. ಕಂಪನಿಯವರು ಕರೆತಂದದ್ದು ಎಂದು ಕೇಳಿದೊಡನೆ ಬುಟ್ಟಿಯನ್ನು ಅಲ್ಲೇ ಪಕ್ಕದವಳಿಗೆ ಒಪ್ಪಿಸಿ, ಕೈ ಒರೆಸಿಕೊಂಡು ಎದ್ದಳು.

"ಬನ್ನಿ ಅಕ್ಕ, ಅವರು ತೋರಿಸದ್ದು ನಾನು ತೋರಿಸ್ತೇನೆ. ಹತ್ತಿರವೇ ಉಂಟು."

ತೆಂಕಕೇರಿಯ ಕೊಲ್ಲಿ ಕುರಿಹಟ್ಟಿಯಂತೆ ದುಂಡಗಿತ್ತು. ಮೂರೂ ಕಡೆ ನೆಲ, ಸಮುದ್ರದ ಕಡೆಗೆ ಮಾತ್ರ ಎರಡು ಬಂಡೆಗುಡ್ಡಗಳ ನಡುವೆ ಇಕ್ಕಟ್ಟಾದ ಬಾಯಿ. ಉಬ್ಬರ ಬಂದಾಗ ಆ ಬಾಯಿಯಿಂದ ನೀರು ಒಳಗೆ ಬರುತ್ತದೆ, ಇಳಿತದಲ್ಲಿ ಹೊರಗೆ ಹೋಗುತ್ತದೆ. ಆದರೆ ಒಳಗಿನದೆಲ್ಲ ಹೊರಗೆ ಹೋಗುವುದಿಲ್ಲ, ಅಲ್ಲೇ ಸುತ್ತುತ್ತದೆ ಎಂದಳು ಸೀತು. ಕಾರ್ಖಾನೆಯ ಪೈಪನ್ನು ಬಂಡೆಗಳಾಚೆ ಆಳದ ಸಮುದ್ರಕ್ಕೆ ಒಯ್ದಿದ್ದೇವೆ ಎಂದು ಅವರು ಹೇಳುತ್ತಾರೆ. ಒಯ್ದದ್ದೂ ನಿಜ. ಒಂದು ಮಳೆಗಾಲದಲ್ಲಿ ಅದು ಬಂಡೆಗೆ ಬಡಿದು ಒಡೆಯಿತು. ಆಮೇಲೆ ರಿಪೇರಿಯ ದೋಣಿ ಬಂದಿತು, ಫೋಟೋ ತೆಗೆದುಕೊಂಡು ಹೋಯಿತು, ನೀರು ಮಾತ್ರ ಕೊಲ್ಲಿಯೊಳಗೇ ಬೀಳುತ್ತ ಉಳಿಯಿತು.

ಆ ದಿನ ನೀರು ಕಂದುಗೆಂಪಾಗಿತ್ತು, ಕಾಚು ಕದಡಿದ ಹಾಗೆ. ದಂಡೆಯ ಮೇಲೆ ಅಲೆ ಬಂದು ಹೋದ ಗೆರೆಯುದ್ದಕ್ಕೂ ಸಣ್ಣ ಮೀನುಗಳು ಹೊಟ್ಟೆ ಮೇಲಾಗಿ ಬಿದ್ದಿದ್ದವು. ಕಾಗೆಗಳು ಪಕ್ಕದಲ್ಲೇ ಕೂತಿದ್ದವು, ತಿನ್ನುತ್ತಿರಲಿಲ್ಲ. ಗೊಲ್ಲಾಳಮ್ಮ ಕಾಲಿಟ್ಟ ಕಡೆ ಮರಳಿನ ಕೆಳಗಿಂದ ಕಪ್ಪು ಕೆಸರು ಎದ್ದು ಕೊಳೆತ ಮೊಟ್ಟೆಯ ವಾಸನೆ ಹೊಡೆಯಿತು. ಇದೇ ಮರಳಿನಲ್ಲಿ ತಾನು ಹುಡುಗಿಯಾಗಿದ್ದಾಗ ಕೈಯಿಂದ ಬಗೆದರೆ ಬುಟ್ಟಿ ತುಂಬ ಮರುವಾಯಿ ಚಿಪ್ಪು ಸಿಗುತ್ತಿತ್ತು, ಮನೆಯಲ್ಲಿ ಬಾಣಂತಿಯರಿಗೆ ಅದರ ಸಾರು ಮಾಡುತ್ತಿದ್ದರು ಎಂದು ಸೀತು ಹೇಳಿದಳು. ಮೊದಲು ಹೋದದ್ದು ಚಿಪ್ಪು, ಅದಕ್ಕೆ ಓಡಲು ಕಾಲಿಲ್ಲ. ಆಮೇಲೆ ಕೆಸರಿನಲ್ಲಿ ಇರುವ ಕಾಣೆ ಮೀನು. ಗಾಳಿ ಇಲ್ಲದ ಸೆಕೆಯ ದಿನಗಳಲ್ಲಿ ಬೆಳಗಾಗುವ ಹೊತ್ತಿಗೆ ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತವೆ, ಕೈಯಿಂದಲೇ ಹಿಡಿಯಬಹುದು. ಮೊದಲ ಸಲ ಹಾಗಾದಾಗ ಊರಿನವರು ಕುಣಿದಾಡಿದ್ದರು, ಮನೆಮನೆಯಲ್ಲಿ ಮೀನು ಕಾಯಿಸಿದ್ದರು. ತಿಂದವರು ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದ ಮೇಲೆ ಯಾಕೆಂದು ತಿಳಿಯಿತು.

"ಇವತ್ತು ಕೆಂಪು. ಕೆಲವು ದಿನ ಹಳದಿ ಇರ್ತದೆ. ಒಳಗೆ ಯಾವ ಬಣ್ಣ ಮಾಡಿದ್ದು ಅಂತ ನಮಗೆ ನೀರು ನೋಡಿದ್ರೆ ಗೊತ್ತಾಗ್ತದೆ" ಎಂದಳು ಸೀತು.

ಅವಳ ಮುಂಗೈ ತುಂಬ ಸುಲಿದ ಬಿಳಿ ಕಲೆಗಳಿದ್ದವು. ಗಂಡನ ದೋಣಿ ದಂಡೆಯ ಮೇಲೆ ಬೋರಲು ಬಿದ್ದಿತ್ತು, ಅದರ ಕೆಳಗೆ ನಾಯಿ ಮರಿ ಹಾಕಿತ್ತು. ಇಷ್ಟು ವರ್ಷ ಕೋರ್ಟು, ಧರಣಿ ಎಂದು ಓಡಾಡಿದ ಮೇಲೆ ಈಗ ಎಲ್ಲಕ್ಕಿಂತ ಕೆಟ್ಟ ನೀರು ಬಿಡುವ ಭಾಗವನ್ನು ಇಲ್ಲಿಂದ ತೆಗೆಯಬೇಕೆಂದು ಆದೇಶವಾಗಿದೆ ಎಂದು ಸೀತು ಹೇಳಿದಳು. ಎಲ್ಲಿಗೆ ಒಯ್ಯುತ್ತಾರೆಂದು ತಮಗೆ ಯಾರಿಗೂ ಗೊತ್ತಿರಲಿಲ್ಲ ಎಂದಳು. ಆಮೇಲೆ ಗೊಲ್ಲಾಳಮ್ಮನ ಮುಖ ನೋಡದೆ ಕೇಳಿದಳು.

"ನಿಮ್ಮಲ್ಲಿ ಎಂತ ಉಂಟು? ಸಮುದ್ರ ಇಲ್ಲವಲ್ಲ?"

"ಹಳ್ಳ ಅದ ರೀ. ಮುಂದ ಭೀಮಾ ಹೊಳಿ."

"ವರ್ಷ ಇಡೀ ನೀರು ಇರ್ತದಾ?"

"ಎಲ್ಲಿಂದ. ಬ್ಯಾಸಗ್ಯಾಗ ಹಳ್ಳ ಒಣಗಿ ಬಿಡ್ತದ. ಹೊಳ್ಯಾಗ ಮಡುವಿನಾಗಷ್ಟ ನಿಂತಿರ್ತದ."

ಗೊಲ್ಲಾಳಮ್ಮ ಕುಡಿಯುವ ನೀರಿನ ಬಾಟಲಿಯನ್ನು ಬರಿದು ಮಾಡಿ ಕೊಲ್ಲಿಯ ನೀರನ್ನು ತುಂಬಿಕೊಂಡಳು. ಲಾಡ್ಜಿನ ಬಾಗಿಲ ತನಕ ಬಂದು ಬಿಟ್ಟ ಸೀತು ಅವಳ ಮೊಬೈಲಿನಲ್ಲಿ ತನ್ನ ನಂಬರನ್ನು ತಾನೇ ಒತ್ತಿಕೊಟ್ಟಳು.

ಊರಿಗೆ ಬಂದ ಮೇಲೆ ಗ್ರಾಮಸಭೆ ಸೇರಿತು. ಗೊಲ್ಲಾಳಮ್ಮ ಎದ್ದು ನಿಂತು ತಾನು ಕಂಡದ್ದನ್ನೆಲ್ಲ ಹೇಳಿದಳು. ಅಷ್ಟು ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲದ್ದರಿಂದ ಹಿಂದಿನದು ಮುಂದೆ, ಮುಂದಿನದು ಹಿಂದೆ ಆಯಿತು. ಕೊಲ್ಲಿಯ ಆಕಾರ ಹೇಳಲು ಹೋಗಿ ಕುರಿಹಟ್ಟಿ ಎಂದಾಗ ಹಿಂದಿನ ಸಾಲಿನವರು ನಕ್ಕರು. ಬಾಟಲಿಯನ್ನು ತೆಗೆದು ಮೂಸಿ ನೋಡಿರೆಂದು ಕೊಟ್ಟಳು. ಪ್ರಯಾಣದಲ್ಲಿ ಕೆಂಪೆಲ್ಲ ತಳಕ್ಕಿಳಿದು ಮೇಲಿನ ನೀರು ಹೆಚ್ಚುಕಡಿಮೆ ತಿಳಿಯಾಗಿತ್ತು. ಬಾಟಲಿ ಕೈಯಿಂದ ಕೈಗೆ ಹೋಯಿತು. ಮೂಸಿದವರೆಲ್ಲ ಮುಖ ಸಿಂಡರಿಸಿದರು. ಶಾಂತಕುಮಾರನೂ ಮೂಸಿ ನೋಡಿ, ಬಿರಡೆ ತಿರುಗಿಸಿ, ಗಂಭೀರವಾಗಿ ಸಭೆಯ ಕಡೆ ತಿರುಗಿದ.

"ಸಮುದ್ರದ ನೀರು ಸಮುದ್ರದ್ದ ವಾಸನಿ ಬರ್ತದ. ಇಲ್ಲಿ ಕುಂತೋರಾಗ ಯಾರರೆ ಹೇಳ್ರಿ, ಛಲೋ ಸಮುದ್ರದ ವಾಸನಿ ಹೆಂಗಿರ್ತದ?"

ಹೋಗಿ ಬಂದ ಸದಸ್ಯರು ನೆಲ ನೋಡಿದರು. ಉಳಿದವರಲ್ಲಿ ಸಮುದ್ರ ಕಂಡವರು ಒಬ್ಬರೂ ಇರಲಿಲ್ಲ. ಯಾರೋ ಒಬ್ಬ ಮುದುಕ ನೀರು ಉಪ್ಪದ ಏನು ಎಂದು ಕೇಳಿದ, ಸಭೆ ನಗೆಯಲ್ಲಿ ಮುಗಿಯಿತು. ಆದರೂ ಅವಳು ಅಂದು ಸಹಿ ಹಾಕಲಿಲ್ಲ. ನಾಳೆ ನೋಡೋಣ ಎಂದು ಎದ್ದು ಬಂದಳು.

ಶಾಂತಕುಮಾರ ಬೆದರಿಸಲು ಬರಲಿಲ್ಲ. ಬಂದಿದ್ದರೆ ಅವಳು ಗಟ್ಟಿಯಾಗಿ ನಿಲ್ಲುತ್ತಿದ್ದಳೇನೋ. ಅವನು ಕಳಿಸಿದ್ದು ಸೌಭಾಗ್ಯಳ ಹೆಸರಿಗೆ ಕಂಪನಿಯಿಂದ ಬಂದ ಕೆಲಸದ ಕರೆ. ಪ್ರಯೋಗಾಲಯದಲ್ಲಿ ಸಹಾಯಕಿ. ಅದನ್ನು ಹಿಡಿದುಕೊಂಡು ಮಗಳು ಒಲೆಯ ಮುಂದೆ ತಾಯಿಯ ಪಕ್ಕ ಬಂದು ಕೂತಳು. ಜಗಳಕ್ಕೆ ಬಂದಿರಲಿಲ್ಲ. ಬಾಟಲಿಯ ನೀರನ್ನು ತಾನೂ ನೋಡಿದ್ದೇನೆ ಎಂದಳು. ಸಮುದ್ರ ಕೆಂಪಾಗುವುದು ಪಾಚಿಯಿಂದಲೂ ಆಗುತ್ತದೆ, ಎಲ್ಲ ಕೊಲ್ಲಿಗಳಲ್ಲೂ ಕೆಲವು ಸಲ ಮೀನು ಸಾಯುತ್ತವೆ, ಆದರೆ ಕೆಸರು ಕಪ್ಪಾಗಿ ಹಾಗೆ ನಾರುವುದು ನೀರಿನಲ್ಲಿ ಉಸಿರೇ ಉಳಿಯದಾಗ ಎಂದಳು. ಅಂದರೆ ಅವ್ವ ಹೇಳಿದ್ದು ಬಹುಮಟ್ಟಿಗೆ ಸರಿ ಎಂದೇ ಅವಳ ಮಾತು.

"ಖರೆ ಅದ ಯವ್ವಾ, ನೀ ಹೇಳಿದ್ದು. ಆದ್ರ ನೀ ಸಹಿ ಹಾಕಲಿಲ್ಲಂದ್ರ ನಿನ್ನ ಕುರ್ಚಿಯಿಂದ ಇಳಿಸಿ ಭೀಮರಾಯನ ಕಡಿಂದ ಹಾಕಸ್ತಾರ. ಫ್ಯಾಕ್ಟ್ರಿ ಅಂತೂ ಬಂದ ಬರ್ತದ. ಒಳಗ ನಮ್ಮವ್ರು ಒಬ್ರು ಇದ್ರ, ಏನು ಬಿಡಾಕತ್ತಾರ ಅಂತ ಗೊತ್ತರೆ ಆಗ್ತದ. ನಾ ಇರ್ತೀನಲ್ಲ ಒಳಗ. ನಾ ಹೇಳ್ತೀನಿ ನಿನಗ."

"ಹೇಳ್ತಿ?"

"ಹೇಳಲಾರ್ದ ಏನು. ನಂದೂ ಊರ ಅಲ್ಲೇನು ಇದು."

ಗೊಲ್ಲಾಳಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಮಗಳನ್ನು ನೋಡಿದಳು. ಶಾಲೆಯ ಕೆಲಸ ಬಿಟ್ಟು ಬಂದ ಮೇಲೆ ಆ ಮುಖದಲ್ಲಿ ಅಷ್ಟು ಕಳೆ ಎಂದೂ ಬಂದಿರಲಿಲ್ಲ. ಮರುದಿನ ಪಂಚಾಯಿತಿಗೆ ಹೋಗಿ ಸಹಿ ಹಾಕಿದಳು. ಮಗಳು ಹೇಳಿದ್ದು ನಿಜವೇ ಎಂದು ತನಗೆ ತಾನೇ ಒಪ್ಪಿಸಿಕೊಂಡಿದ್ದಳು. ಕೊಲ್ಲಿಯನ್ನು ಅಂಥ ಸ್ಥಿತಿಯಲ್ಲಿ ಕಂಡು ಬಂದ ಊರಿನ ಒಬ್ಬಳೇ ಒಬ್ಬಳು, ಕಾರ್ಖಾನೆ ಬರಲೆಂದು ಬರೆದುಕೊಟ್ಟಳು. ರೇವಣಸಿದ್ದ ಆ ಸುದ್ದಿ ಕೇಳಿ, ಕುರಿ ಇನ್ನು ಎಲ್ಲಿ ಮೇಯಬೇಕು ಎಂದು ಒಂದೇ ಮಾತು ಕೇಳಿದ. ಅದಕ್ಕೂ ಹಳ್ಳದ ದಂಡೆ ಉಳಿಯುತ್ತದಲ್ಲ ಎಂದು ಅವಳಲ್ಲಿ ಉತ್ತರವಿತ್ತು.

ಮರಡಿಯ ಮೇಲೆ ಕಾಂಪೌಂಡು ಎದ್ದಿತು, ತಗಡಿನ ಶೆಡ್ಡುಗಳು ಎದ್ದವು, ಚಿಮಣಿ ಎದ್ದಿತು. ಸೌಭಾಗ್ಯ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಕಂಪನಿಯ ವ್ಯಾನಿನಲ್ಲಿ ಹೋಗಿ ಬರತೊಡಗಿದಳು. ಮನೆಗೆ ಫ್ರಿಜ್ಜು ಬಂತು. ಶಾಲೆಯ ಗೋಡೆಗೆ ಕಂಪನಿಯ ಬಣ್ಣ ಬಂತು. ಮನೆಮನೆಗೆ ಶುದ್ಧ ನೀರಿನ ಕ್ಯಾನು ಬಂತು, ಊರಿನ ಬಾವಿಯ ಕಡೆ ಯಾರೂ ಹೋಗದಾದರು. ಗೊಲ್ಲಾಳಮ್ಮ ಆಗಾಗ ಮಗಳನ್ನು ಕೇಳುತ್ತಿದ್ದಳು. ಮೊದಮೊದಲು ಮಗಳು ವಿವರವಾಗಿ ಹೇಳುತ್ತಿದ್ದಳು. ಆಮೇಲೆ ಎಲ್ಲ ಬರೊಬ್ಬರಿ ಅದ ಎನ್ನತೊಡಗಿದಳು. ಆಮೇಲೆ, ಇದನ್ನೆಲ್ಲ ಹೊರಗೆ ಮಾತಾಡಬಾರದೆಂದು ಬರೆಸಿಕೊಂಡಿದ್ದಾರೆ, ಕೇಳಬೇಡ ಎಂದಳು.

ಎರಡನೆಯ ಬೇಸಿಗೆಯಲ್ಲಿ ಹಳ್ಳ ಒಣಗಲಿಲ್ಲ. ಹಾಗೆ ಹಿಂದೆಂದೂ ಆದದ್ದಿಲ್ಲ. ಭೀಮೆಯೇ ಮರಳಾಗಿ ಮಲಗಿದ್ದಾಗ, ಕಾರ್ಖಾನೆಯ ಕಾಂಪೌಂಡಿನ ಕೆಳಗಿಂದ ಒಂದು ಸಣ್ಣ ಧಾರೆ ನೀರು ಹಗಲೂ ರಾತ್ರಿ ಹರಿಯುತ್ತಿತ್ತು. ಬಣ್ಣವೇನೂ ಇರಲಿಲ್ಲ, ಬಿಸಿಲಿಗೆ ತುಸು ಹಳದಿ ಕಂಡರೆ ಕಂಡಿತು. ಕಂಪನಿ ಬಂದು ನಮ್ಮ ಹಳ್ಳಕ್ಕೆ ಜೀವ ಬಂತು ಎಂದು ಜನ ಆಡಿಕೊಂಡರು, ಭೀಮರಾಯ ಅದನ್ನು ಫೋಟೋ ತೆಗೆದು ಊರಿನ ವಾಟ್ಸಾಪಿಗೆ ಹಾಕಿದ. ಬೇರೆ ಕಡೆ ನೀರಿಗೆ ಮೈಲಿಗಟ್ಟಲೆ ಅಲೆಯಬೇಕಾದ ಕುರಿಗಳಿಗೆ ಮನೆಯ ಮುಂದೆಯೇ ನೀರು. ರೇವಣಸಿದ್ದ ಕೂಡ ಆ ನೀರಿನಿಂದ ಕುರಿ ತಿರುಗಿಸಲಿಲ್ಲ. ಗೊಲ್ಲಾಳಮ್ಮ ಒಮ್ಮೆ ದಂಡೆಗೆ ಹೋಗಿ ಬಗ್ಗಿ ಮೂಸಿದಳು. ಆ ಹೊಸ ಚಪ್ಪಲಿ ಸುಟ್ಟ ಘಾಟು. ಆದರೆ ಬೇಸಿಗೆಯಲ್ಲಿ ನೀರನ್ನು ಬೇಡವೆನ್ನಲು ಅವಳಿಗೂ ಬಾಯಿ ಬರಲಿಲ್ಲ.

ಮೊದಲು ಗಬ್ಬದ ಕುರಿಗಳು ದಿನ ತುಂಬುವ ಮುಂಚೆಯೇ ಕಂದು ಹಾಕಿದವು. ಆಮೇಲೆ ದೊಡ್ಡ ಕುರಿಗಳ ಬಾಯಲ್ಲಿ ನೊರೆ ಬರತೊಡಗಿತು. ನಿಂತಲ್ಲೇ ಹಿಂಗಾಲು ಕುಸಿದು ಕೂರುತ್ತಿದ್ದವು, ಎಬ್ಬಿಸಿದರೆ ಏಳುತ್ತಿರಲಿಲ್ಲ. ಹಟ್ಟಿಯ ಅರ್ಧ ಬರಿದಾಯಿತು. ಶಹಾಪುರದಿಂದ ಬಂದ ದನದ ಡಾಕ್ಟರು ಇದು ರೋಗದಂತೆ ಕಾಣುವುದಿಲ್ಲ, ಏನೋ ವಿಷ ಹೊಟ್ಟೆಗೆ ಹೋಗಿದೆ, ನೀರು ನಿಲ್ಲಿಸಿ ಎಂದು ಹೇಳಿದರು. ಬರೆದುಕೊಡಿ ಎಂದರೆ, ಪರೀಕ್ಷೆ ಆಗದೆ ಬರೆಯಲು ಬರುವುದಿಲ್ಲ ಎಂದು ಹೋದರು. ರೇವಣಸಿದ್ದನ ದಿನ ಇಷ್ಟೇ ಆಯಿತು. ಸತ್ತವನ್ನು ಹೂಳುವುದು, ಬಂದು ಕಂಬಳಿ ಹೊದ್ದು ಗೋಡೆಗೆ ಮುಖ ಮಾಡಿ ಮಲಗುವುದು.

ಗೊಲ್ಲಾಳಮ್ಮ ಯಾದಗಿರಿಗೆ ಹೋದಳು. ಅಷ್ಟರಲ್ಲಿ ಅವಳ ಅಧ್ಯಕ್ಷಗಿರಿ ಮುಗಿದಿತ್ತು. ಜಿಲ್ಲಾ ಕಚೇರಿಯಲ್ಲಿ ಸರದಿ ನಿಂತು, ಒಳಗೆ ಹೋಗಿ, ಹಳ್ಳದ ನೀರು, ಕುರಿಗಳು, ಕೊಲ್ಲಿ, ಎಲ್ಲವನ್ನೂ ಹೇಳಿದಳು. ಈ ಸಲ ಮಾತು ಹಿಂದುಮುಂದಾಗಲಿಲ್ಲ. ಅಧಿಕಾರಿ ತಾಳ್ಮೆಯಿಂದ ಕೇಳಿದ. ಕಡತ ತರಿಸಿ ತಿರುವಿ ಹಾಕಿ, ಇದರಲ್ಲಿ ಪಂಚಾಯಿತಿಯ ಒಪ್ಪಿಗೆ ಇದೆಯಲ್ಲ, ಆಗ ಅಧ್ಯಕ್ಷರು ಯಾರಿದ್ದರು ಎಂದು ಕೇಳಿದ. ಅವಳು ತನ್ನ ಹೆಸರು ಹೇಳಿದಳು. ಅಧಿಕಾರಿ ತಲೆಯೆತ್ತಿ ಅವಳನ್ನು ನೋಡಿ, ಮತ್ತೆ ಕಡತ ನೋಡಿ, ಪಕ್ಕದವನ ಕಡೆಗೆ ಕಣ್ಣು ಹಾಯಿಸಿದ. ಇರಲಿ, ನೀರಿನ ಪರೀಕ್ಷೆಗೆ ಹೇಳುತ್ತೇನೆ ಎಂದ.

ಪರೀಕ್ಷೆಯವರು ಬಂದದ್ದು ನಿಜ. ಅವರು ಬರುವುದು ಕಂಪನಿಗೆ ಮೊದಲೇ ತಿಳಿದದ್ದೂ ನಿಜ. ಆ ದಿನ ಬೆಳಗಿನಿಂದಲೇ ಟ್ಯಾಂಕರುಗಳು ಕಂಪನಿಯ ಪೈಪಿಗಿಂತ ಮೇಲಿನ ಮಡುವಿಗೆ ಬೋರಿನ ನೀರು ಸುರಿದಿದ್ದವು. ಹಳ್ಳ ಎಂದಿಗಿಂತ ತುಂಬಿ, ತಿಳಿಯಾಗಿ ಹರಿಯುತ್ತಿತ್ತು. ಜೀಪಿನ ಹಿಂದೆ ಕಂಪನಿಯ ಕಾರು ಬಂತು. ಅದರಿಂದ ಸೌಭಾಗ್ಯ ಇಳಿದಳು. ಬಿಳಿ ಕೋಟು, ಕೈಗೆ ರಬ್ಬರು ಗವಸು, ಬಾಟಲಿಗಳ ಪೆಟ್ಟಿಗೆ. ಊರಿನವಳು, ಜಾಗ ಗೊತ್ತಿರುವವಳು ಎಂದು ಅವಳನ್ನೇ ಕಳಿಸಿದ್ದರು. ಅವಳು ಯಾರ ಕಡೆಗೂ ನೋಡದೆ ಮೇಲಿನ ಮಡುವಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬಾಟಲಿಯ ಬಿರಡೆ ತೆಗೆದಳು. ಗೊಲ್ಲಾಳಮ್ಮ ಹೋಗಿ ಅವಳ ಪಕ್ಕದಲ್ಲಿ ನಿಂತಳು.

"ಸೌಭಾಗ್ಯಾ, ಕೆಳಗ ನಡಿ. ಪೈಪಿನ ಬಾಯಿ ಎಲ್ಲಿ ಅದ ಅಂತ ನಿನಗ ಗೊತ್ತದ."

"ಎಲ್ಲಿ ತಗೋ ಅಂತಾರೋ ಅಲ್ಲೇ ತಗೋಬೇಕು ಯವ್ವಾ. ಅತ್ತಾಗ ಸರಿ, ಸಾಹೇಬ್ರು ನೋಡಾಕತ್ತಾರ."

"ಅದರಾಗ ಏನದ ಅಂತ ನಿನಗ ಗೊತ್ತದ. ನಾ ಹೇಳ್ತೀನಿ ಅಂದಿದ್ದಿ."

ಸೌಭಾಗ್ಯಳ ಕೈ ನೀರಿನಲ್ಲಿ ಒಂದು ಕ್ಷಣ ನಿಂತಿತು. ಬಾಟಲಿ ತುಂಬಿ ಗುಳುಗುಳು ಎಂದಿತು. ಅವಳು ತಲೆಯೆತ್ತಲಿಲ್ಲ.

"ನೀನೂ ನೋಡಿ ಬಂದೇ ಸಹಿ ಹಾಕಿದ್ದಿ."

ಗೊಲ್ಲಾಳಮ್ಮ ಅಲ್ಲಿಂದ ಸರಿದು ನಿಂತಳು. ಸೌಭಾಗ್ಯ ಬಾಟಲಿಗೆ ಚೀಟಿ ಅಂಟಿಸಿದಳು, ಪೆಟ್ಟಿಗೆಯಲ್ಲಿಟ್ಟಳು, ಕಾರು ಹತ್ತಿದಳು. ಹಳ್ಳದ ನೀರು ಚೆನ್ನಾಗಿದೆ, ಕುರಿಗಳು ಬೇರೆ ಕಾರಣದಿಂದ ಸತ್ತಿರಬಹುದು ಎಂದು ಕೆಲವು ದಿನಗಳಲ್ಲಿ ವರದಿ ಬಂತು. ಶಾಂತಕುಮಾರ ಅದನ್ನು ಪಂಚಾಯಿತಿಯ ಹಲಗೆಗೆ ಹಚ್ಚಿಸಿದ. ಸೌಭಾಗ್ಯ ದಿನವೂ ಓಡಾಡುವುದು ಕಷ್ಟವೆಂದು ಯಾದಗಿರಿಯ ಸ್ಟೇಷನ್ನಿನ ಹತ್ತಿರ ಒಂದು ಕೋಣೆ ಹಿಡಿದಳು. ಹೋಗುವ ದಿನ ತಾಯಿಯ ಕಾಲು ಮುಟ್ಟಿದಳು. ಇಬ್ಬರೂ ಅಳಲಿಲ್ಲ. ರೇವಣಸಿದ್ದ ಉಳಿದ ಕುರಿಗಳನ್ನು ಹೊಡೆದುಕೊಂಡು ಕಕ್ಕೇರಾದ ಕಡೆ ತನ್ನ ಅಕ್ಕನ ಊರಿಗೆ ಹೋದ. ಮಳೆ ಬಿದ್ದ ಮೇಲೆ ಬರುತ್ತೇನೆ ಎಂದಿದ್ದ. ಮಳೆ ಬಿದ್ದು ಹೋಯಿತು, ಅವನು ಬಂದು ಒಂದು ರಾತ್ರಿ ಇದ್ದು, ಹಳ್ಳವನ್ನೊಮ್ಮೆ ನೋಡಿ ತಿರುಗಿ ಹೋದ.

ಆ ಚಳಿಗಾಲದಲ್ಲಿ ಒಂದು ದಿನ ಸೀತು ಫೋನು ಮಾಡಿದಳು. ಅವಳ ದನಿಯಲ್ಲಿ ಗೆಲುವಿತ್ತು, ಆ ಗೆಲುವನ್ನು ಅಡಗಿಸಿಕೊಂಡೇ ಮಾತಾಡುತ್ತಿದ್ದಳು. ಆ ಭಾಗ ಇಲ್ಲಿಂದ ಹೋದ ಮೇಲೆ ಎರಡು ಮಳೆಗಾಲ ಕೊಲ್ಲಿಯನ್ನು ತೊಳೆದಿದೆ, ಕೆಸರಿನ ನಾತ ಕಡಿಮೆಯಾಗಿದೆ, ಬಂಡೆಯ ಹತ್ತಿರ ಸಣ್ಣ ಸಣ್ಣ ಮರುವಾಯಿ ಕಂಡವು, ಗಂಡ ದೋಣಿಗೆ ಎಣ್ಣೆ ಹಚ್ಚಿದ್ದಾನೆ ಎಂದಳು. ತಿನ್ನಲು ಇನ್ನೂ ಧೈರ್ಯ ಬರುವುದಿಲ್ಲ, ಆದರೂ ಕಣ್ಣಿಗೆ ಕಂಡವಲ್ಲ. ಆಮೇಲೆ ತಡೆದು ತಡೆದು, ನಿಮ್ಮಲ್ಲಿ ಹೇಗುಂಟು ಅಕ್ಕ ಎಂದು ಕೇಳಿದಳು. ಅವಳ ಮೇಲೆ ಸಿಟ್ಟು ಬರಲಿ ಎಂದು ಗೊಲ್ಲಾಳಮ್ಮ ಒಂದು ಗಳಿಗೆ ಕಾದಳು. ಬರಲಿಲ್ಲ. ಇಷ್ಟು ವರ್ಷ ಧರಣಿ ಕೂತು ಅವರು ತಮ್ಮ ಬಾಗಿಲಿನಿಂದ ಹೊರಹಾಕಿದ್ದನ್ನು ತಾನು ಒಂದು ಸಹಿ ಹಾಕಿ ಒಳಗೆ ಕರೆದುಕೊಂಡವಳು. ಎಲ್ಲ ಛಲೋ ಅದ ಎಂದು ಹೇಳಿ ಫೋನಿಟ್ಟಳು.

ಮತ್ತೆ ಬೇಸಿಗೆ ಬಂತು. ಭೀಮೆ ಒಣಗಿದಳು, ಹಳ್ಳ ಹರಿಯುತ್ತಲೇ ಇತ್ತು. ಊರಿನ ಕುರಿಗಳು ಅಷ್ಟರಲ್ಲಿ ಸತ್ತೋ ಮಾರಿಹೋಗಿಯೋ ಮುಗಿದಿದ್ದವು. ಆದರೆ ಬೇಸಿಗೆಯಲ್ಲಿ ಮೇವು ಹುಡುಕಿಕೊಂಡು ಬರುವ ಬೇರೆ ಊರುಗಳ ಹಿಂಡುಗಳಿಗೆ ಇದೇನೂ ಗೊತ್ತಿರಲಿಲ್ಲ. ದೂರದಿಂದ ನೀರಿನ ಹೊಳಪು ಕಂಡು ನೇರ ಇಳಿದು ಬರುತ್ತಿದ್ದವು. ಗೊಲ್ಲಾಳಮ್ಮ ಬೆಳಿಗ್ಗೆ ರೊಟ್ಟಿಯ ಗಂಟು ಕಟ್ಟಿಕೊಂಡು ಹೋಗಿ, ಹಿಂಡು ಇಳಿಯುವ ದಾರಿಯಲ್ಲಿ ಜಾಲಿಯ ನೆರಳಿಗೆ ಕೂರತೊಡಗಿದಳು. ಬಂದವರಿಗೆ ಹೇಳುತ್ತಿದ್ದಳು. ಕೆಲವರು ಕೇಳಿ ತಿರುಗುತ್ತಿದ್ದರು. ಕೆಲವರು ಹುಚ್ಚಿ ಎಂದುಕೊಂಡು ಕುರಿ ನೀರಿಗೆ ಬಿಡುತ್ತಿದ್ದರು. ಕಂಪನಿಯ ಕಾವಲುಗಾರ ಮೊದಮೊದಲು ಬಂದು ಗದರಿಸಿದ, ಆಮೇಲೆ ಅವನೂ ಬಿಟ್ಟ.

ಒಂದು ಮಧ್ಯಾಹ್ನ ಕೊಡೇಕಲ್ ಕಡೆಯ ಕುರುಬನೊಬ್ಬ ದೊಡ್ಡ ಹಿಂಡು ಹೊಡೆದುಕೊಂಡು ಬಂದ. ಬೆಳಗಿನಿಂದ ನೀರು ಕಾಣದ ಕುರಿಗಳು ವಾಸನೆ ಹಿಡಿದು ಓಡತೊಡಗಿದ್ದವು. ಅವಳು ಎದ್ದು ಕೋಲು ಅಡ್ಡ ಹಿಡಿದು ಮುಂದಿನ ಟಗರನ್ನು ತಡೆದು ನಿಲ್ಲಿಸಿದಳು. ಕುರುಬನಿಗೆ ಸಿಟ್ಟು ಬಂತು. ಹಳ್ಳ ಯಾರಪ್ಪನ ಸೊತ್ತು ಎಂದ. ಅವಳು ಮರಡಿಯ ಮೇಲಿನ ಚಿಮಣಿ ತೋರಿಸಿ ನೀರು ಎಲ್ಲಿಂದ ಬರುತ್ತದೆ ಎಂದು ಹೇಳಿದಳು, ತನ್ನ ಹಟ್ಟಿ ಏನಾಯಿತೆಂದು ಹೇಳಿದಳು. ಅವನು ನೀರನ್ನೂ ಅವಳನ್ನೂ ಬಾರಿಬಾರಿಗೂ ನೋಡಿದ.

"ಹಳ್ಳದ ಮ್ಯಾಲೆ ಇಂಥದ್ದು ಕಟ್ಟಸ್ಯಾರ. ಊರಾಗ ಹೇಳೋರು ಕೇಳೋರು ಯಾರೂ ಇದ್ದಿಲ್ಲೇನು ಯಕ್ಕಾ? ಯಾರು ಕೊಟ್ರು ಇವರಿಗೆ ಪರ್ಮಿಷನ್ನು?"

"ನಾನ ಕೊ‌ಟ್ಟೇನಿ" ಎಂದಳು ಗೊಲ್ಲಾಳಮ್ಮ.

ಅವನಿಗೆ ಅದು ತಮಾಷೆಯೋ ನಿಜವೋ ತಿಳಿಯಲಿಲ್ಲ. ಅವಳ ಮುಖದಲ್ಲಿ ನಗೆ ಕಾಣದೆ ಅವನು ಪಕ್ಕಕ್ಕೆ ಉಗುಳಿದ. ಹಿಂಡಿನ ಮುಂದೆ ಹೋಗಿ ಕೂಗು ಹಾಕಿ ಟಗರನ್ನು ರಸ್ತೆಯ ಕಡೆ ತಿರುಗಿಸಿದ. ಮುಂದಿನ ಕೆರೆ ಬಹಳ ದೂರವಿತ್ತು. ಬಾಯಾರಿದ ಕುರಿಗಳು ನೀರಿನ ಕಡೆ ಕತ್ತು ತಿರುಗಿಸಿ ಒದರುತ್ತ ಹೋದವು. ಎರಡು ಮರಿಗಳು ಹಿಂಡು ತಪ್ಪಿಸಿ ದಂಡೆಗೆ ಇಳಿದೇಬಿಟ್ಟವು. ಗೊಲ್ಲಾಳಮ್ಮ ಮುಗ್ಗರಿಸುತ್ತ ಇಳಿದು ಅವನ್ನು ಕಾಲು ಹಿಡಿದು ಎಳೆದು ತಂದಳು. ಒಂದರ ಬಾಯಿ ಆಗಲೇ ಒದ್ದೆಯಾಗಿತ್ತು. ಸೆರಗಿನಿಂದ ಅದರ ಮೂತಿ ಒರೆಸಿ, ಎರಡನ್ನೂ ಹಿಂಡಿನ ಕಡೆಗೆ ಓಡಿಸಿದಳು.